ಭಾನುವಾರ ಬಾಗಿಲು ಹಾಕುವ ಚಿಕ್-ಫಿಲ್-ಎ: ನಂಬಿಕೆಯ ಖರ್ಚು ಯಾರ ಲೆಕ್ಕಕ್ಕೆ?

ಅಟ್ಲಾಂಟಾ ನಿವಾಸಿ

ನಮ್ಮ ಮನೆ ಅಟ್ಲಾಂಟಾದ ಉತ್ತರದ ಹೊರವಲಯದಲ್ಲಿದೆ, ದೇವಸ್ಥಾನವಿರುವುದು ದಕ್ಷಿಣದ ರಿವರ್‌ಡೇಲಿನಲ್ಲಿ. ಹೀಗಾಗಿ ತಿಂಗಳಿಗೊಂದು ಭಾನುವಾರ ಊರನ್ನು ಈ ತುದಿಯಿಂದ ಆ ತುದಿಗೆ ದಾಟುತ್ತೇವೆ. ನಡುವೆ ವಿಮಾನ ನಿಲ್ದಾಣಕ್ಕೆ ಒತ್ತಿಕೊಂಡಂತೆ ಹ್ಯಾಪ್‌ವಿಲ್ ಎಂಬ ಸಣ್ಣ ಊರು ಸಿಗುತ್ತದೆ. ಕಳೆದ ಭಾನುವಾರ ಹಿಂದಿರುಗುವಾಗ ಮಗಳು ಹಸಿವೆಂದಳು. ಅವಳಿಗೆ ಬೇಕಾಗಿದ್ದದ್ದು ಜಾಲರಿಯಂತೆ ಕತ್ತರಿಸಿ ಕರಿದ ಆಲೂಗಡ್ಡೆ. ಅಂದು ಮಳಿಗೆ ತೆರೆದಿರುವುದಿಲ್ಲವೆಂದು ಗೊತ್ತಿದ್ದೂ ಹೆದ್ದಾರಿಯಿಂದ ಇಳಿದೆ, ಏಕೆಂದರೆ ಕೋಳಿ ಸ್ಯಾಂಡ್‌ವಿಚ್ ಮಾರುವ ಚಿಕ್-ಫಿಲ್-ಎ ಹೋಟೆಲು ಸರಪಳಿ ಹುಟ್ಟಿದ ಜಾಗವನ್ನು ಅವಳಿಗೆ ಒಮ್ಮೆ ತೋರಿಸಬೇಕೆಂಬ ಆಸೆ ನನಗಿತ್ತು. ಶನಿವಾರ ಮಧ್ಯಾಹ್ನ ಯಾವ ಶಾಖೆಯ ಮುಂದೆ ನೋಡಿದರೂ ಕಾರುಗಳು ಎರಡು ಸಾಲಾಗಿ ರಸ್ತೆಯವರೆಗೂ ನಿಂತಿರುತ್ತವೆ, ಟ್ಯಾಬ್ಲೆಟ್ ಹಿಡಿದ ಹುಡುಗ ಹುಡುಗಿಯರು ಬಿಸಿಲಿನಲ್ಲಿ ಕಾರಿನಿಂದ ಕಾರಿಗೆ ಓಡಾಡುತ್ತಿರುತ್ತಾರೆ. ಅಂದು ಅಲ್ಲಿ ಒಂದು ಕಾರೂ ಇರಲಿಲ್ಲ. ಮಕ್ಕಳಿಗೆಂದೇ ಮಾಡಿಸಿದ ಪುಟ್ಟ ಕೆಂಪು ಬಾಗಿಲನ್ನು ಮಗಳು ಎರಡು ಸಲ ತಳ್ಳಿ ನೋಡಿ, "ಇವರಿಗೆ ದುಡ್ಡು ಬೇಡವೇ?" ಎಂದು ಕೇಳಿದಳು. ಆ ಪ್ರಶ್ನೆಯನ್ನೇ ಇಲ್ಲಿಗೆ ತಂದಿದ್ದೇನೆ.

ಚಿಕ್-ಫಿಲ್-ಎ ಸ್ಥಾಪಕ ಎಸ್. ಟ್ರೂಯೆಟ್ ಕ್ಯಾಥಿ 1946ರ ಮೇ ತಿಂಗಳಲ್ಲಿ ತಮ್ಮ ಸಹೋದರ ಬೆನ್ ಜೊತೆ ಈ ಊರಿನಲ್ಲಿ ಡ್ವಾರ್ಫ್ ಗ್ರಿಲ್ ಎಂಬ ಹೋಟೆಲು ತೆರೆದರು. ಹತ್ತು ಸ್ಟೂಲು, ನಾಲ್ಕು ಮೇಜು, ಅಷ್ಟೇ. ಹಗಲು ರಾತ್ರಿ ತೆರೆದಿರುತ್ತಿದ್ದ ಹೋಟೆಲನ್ನು ಸೋಮವಾರದಿಂದ ಶನಿವಾರದವರೆಗೆ ನಡೆಸಿ ಇಬ್ಬರೂ ಸೋತುಹೋಗಿದ್ದರು. ಭಾನುವಾರ ಬಾಗಿಲು ಹಾಕಿದ್ದು ದಣಿವಿಗೂ ಹೌದು, ದೇವರಿಗೂ ಹೌದು. ಕ್ಯಾಥಿ ಬ್ಯಾಪ್ಟಿಸ್ಟ್ ಪಂಥದ ನಿಷ್ಠಾವಂತ ಕ್ರೈಸ್ತರಾಗಿದ್ದರು, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಚರ್ಚಿನ ಭಾನುವಾರದ ಶಾಲೆಯಲ್ಲಿ ಹುಡುಗರಿಗೆ ಪಾಠ ಹೇಳಿದವರು. 1967ರಲ್ಲಿ ಅಟ್ಲಾಂಟಾದ ಗ್ರೀನ್‌ಬ್ರಯರ್ ಮಾಲಿನಲ್ಲಿ ಚಿಕ್-ಫಿಲ್-ಎ ಹೆಸರಿನ ಮೊದಲ ಮಳಿಗೆ ಬಂದಾಗಲೂ ನಿಯಮ ಬದಲಾಗಲಿಲ್ಲ. ವಾರಾಂತ್ಯದ ಜನಸಂದಣಿಯನ್ನೇ ನಂಬಿದ ಮಾಲುಗಳಲ್ಲಿ ವಾರಕ್ಕೊಂದು ದಿನ ಕತ್ತಲಾಗಿರುವ ಅಂಗಡಿಯನ್ನು ಒಪ್ಪಿಸುವುದು ಎಷ್ಟು ಕಷ್ಟದ ಮಾತೆಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಾಗಿಲ್ಲ. ಇಂದು ಅದು ಅಮೆರಿಕದ ಅತಿ ದೊಡ್ಡ ಫಾಸ್ಟ್‌ಫುಡ್ ಸರಪಳಿಗಳಲ್ಲಿ ಒಂದು, ಮತ್ತು ಒಂದೊಂದು ಮಳಿಗೆಯ ಸರಾಸರಿ ಮಾರಾಟದಲ್ಲಿ ವಾರವಿಡೀ ತೆರೆದಿರುವ ಮೆಕ್‌ಡೊನಾಲ್ಡ್ಸ್‌ಗಿಂತ ಬಹಳ ಮುಂದಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆ ಧರ್ಮದವನಲ್ಲ, ಅಲ್ಲಿ ನಾನು ತಿನ್ನಬಹುದಾದದ್ದೂ ಹೆಚ್ಚಿಲ್ಲ. ಆದರೂ ಆ ಕತ್ತಲ ಮಳಿಗೆಯನ್ನು ಕಂಡಾಗ ನನಗೆ ಗೌರವ ಮೂಡುತ್ತದೆ. ಗೋಡೆಯ ಮೇಲೆ ದೇವರ ವಾಕ್ಯ ಬರೆಸುವುದಕ್ಕೆ ಬಣ್ಣದ ಖರ್ಚು ಸಾಕು. ವರ್ಷಕ್ಕೆ 52 ದಿನದ ಗಲ್ಲಾವನ್ನು ಬಿಟ್ಟುಕೊಡುವ ನಂಬಿಕೆಯ ಖರ್ಚನ್ನು ನಂಬಿದವನೇ ತೆರುತ್ತಾನೆ. ನಿಮ್ಮ ಅಭಿಪ್ರಾಯ ಬೇರೆಯಿದ್ದರೆ ದಯವಿಟ್ಟು ತಿಳಿಸಿ.

ಹೋಟೆಲ್ ಮನೆತನದವನು, ಬೆಂಗಳೂರು

ಮೂರು ತಲೆಮಾರಿನಿಂದ ದೋಸೆ ಕಾವಲಿಯ ಮುಂದೆ ನಿಂತ ಮನೆತನ ನಮ್ಮದು, ಹಾಗಾಗಿ ಈ ಲೆಕ್ಕದ ಬಗ್ಗೆ ಎರಡು ಮಾತು ಹೇಳಬಹುದೆಂದುಕೊಂಡಿದ್ದೇನೆ. ವಾರದ ರಜೆ ನಮಗೆ ಹೊಸದಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಹಳೆಯ ಬೆಂಗಳೂರಿನವರಿಗೆ ಇದು ಪಂಚಾಂಗದಷ್ಟೇ ಬಾಯಿಪಾಠ. ಆದರೆ ಇವರಾಗಲಿ ನಾವಾಗಲಿ ಭಾನುವಾರವನ್ನು ಬಿಡಲಿಲ್ಲ ಎಂಬುದನ್ನು ಗಮನಿಸಿ. ಜನ ಮನೆಮಂದಿಯೊಡನೆ ಹೊರಗೆ ಬರುವ ದಿನವನ್ನು ಉಳಿಸಿಕೊಂಡು, ಮಂದವಾದ ದಿನವನ್ನು ರಜೆ ಮಾಡಿದೆವು. ಕ್ಯಾಥಿಯವರು ಬಿಟ್ಟದ್ದು ಹಸುವಿನ ಕೆಚ್ಚಲನ್ನೇ, ನಾವು ಬಿಟ್ಟದ್ದು ಬಾಲವನ್ನು. ಆ ಮಟ್ಟಿಗೆ ನಿಮ್ಮ ಗೌರವವನ್ನು ಒಪ್ಪುತ್ತೇನೆ.

ಆದರೆ ಬಿಟ್ಟ ದಿನದ ಮೊತ್ತವೆಲ್ಲ ನಷ್ಟವೆಂದು ತಿಳಿಯುವುದು ತಪ್ಪು. ರಜೆಯ ಹಿಂದಿನ ಸಂಜೆ ಮತ್ತು ಮರುದಿನದ ಬೆಳಗ್ಗೆ ನಮ್ಮಲ್ಲಿ ಎಂದಿಗಿಂತ ಹೆಚ್ಚು ಹಿಟ್ಟು ಖರ್ಚಾಗುತ್ತದೆ; ಸಿಗುವುದಿಲ್ಲವೆಂದು ಗೊತ್ತಾದ ತಿಂಡಿಯ ರುಚಿಯೇ ಬೇರೆ. ನಮ್ಮ ಹೋಟೆಲಿಗೆ ಮಂಗಳವಾರ ರಜೆಯಿತ್ತು. ಅಂದು ರುಬ್ಬುವ ಕಲ್ಲುಗಳನ್ನು ಬಿಚ್ಚಿ ತೊಳೆಯುತ್ತಿದ್ದೆವು, ಬಾಯ್ಲರಿನ ಒಳಗೆ ಕಟ್ಟಿದ ಸುಣ್ಣವನ್ನು ಕೆರೆಯುತ್ತಿದ್ದೆವು, ಚಿಮಣಿಯ ಜಿಡ್ಡು ತೆಗೆಸುತ್ತಿದ್ದೆವು. ಆ ಕೆಲಸಗಳನ್ನು ಒಲೆ ಉರಿಯುತ್ತಿರುವಾಗ ಮಾಡಲು ಬರುವುದಿಲ್ಲ.

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳು ವರ್ಷವಿಡೀ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅಧಿಸೂಚನೆ ಹೊರಡಿಸಿತು. ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆಯನ್ನು ಸರದಿಯಲ್ಲಿ ಕೊಡಬೇಕೆಂಬ ಷರತ್ತೂ ಅದರಲ್ಲಿತ್ತು. ನಾವೂ ಮಂಗಳವಾರ ತೆರೆದೆವು. ಷರತ್ತನ್ನು ಅಕ್ಷರಶಃ ಪಾಲಿಸಿದೆವು, ಯಾರ ರಜೆಯೂ ತಪ್ಪಲಿಲ್ಲ. ಆದರೆ ಎಲ್ಲರಿಗೂ ಒಟ್ಟಿಗೆ ಸಿಗುತ್ತಿದ್ದ ದಿನ ಹೋಯಿತು. ಕುಂದಾಪುರದಿಂದ ಒಟ್ಟಿಗೆ ಬಂದು ಒಂದೇ ಕೋಣೆಯಲ್ಲಿರುವ ಇಬ್ಬರು ಅಡುಗೆಯವರು ಒಟ್ಟಿಗೆ ಒಂದು ಯಕ್ಷಗಾನಕ್ಕೆ ಹೋಗಿ ವರ್ಷಗಳೇ ಆದವು, ಏಕೆಂದರೆ ಒಬ್ಬರ ರಜೆಯ ದಿನ ಇನ್ನೊಬ್ಬರು ಒಲೆಯ ಮುಂದಿರುತ್ತಾರೆ. ಸರದಿ ರಜೆಯಿಂದ ಮೈಗೆ ವಿಶ್ರಾಂತಿ ಸಿಗುತ್ತದೆ, ಜೊತೆ ಸಿಗುವುದಿಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತೆಂದು ಈಗ ಅನ್ನಿಸುತ್ತಿದೆ.

ಬರ್ಗನ್ ಕೌಂಟಿಯಿಂದ

ನಾನು ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿದ್ದೇನೆ. ಭಾನುವಾರ ಬಟ್ಟೆ, ಪೀಠೋಪಕರಣ, ವಿದ್ಯುತ್ ಉಪಕರಣಗಳನ್ನು ಮಾರಬಾರದೆಂಬ ಹಳೆಯ ಕಾನೂನು ಇಲ್ಲಿ ಇನ್ನೂ ಜಾರಿಯಲ್ಲಿದೆ. ಪಾರಾಮಸ್ಸಿನ ದೊಡ್ಡ ಮಾಲುಗಳ ಮುಂದೆ ಭಾನುವಾರ ಮಕ್ಕಳು ಸೈಕಲ್ ಕಲಿಯುವಷ್ಟು ಜಾಗ ಖಾಲಿಯಿರುತ್ತದೆ. ದಿನಸಿ ಅಂಗಡಿಗೆ ಮತ್ತು ಹೋಟೆಲಿಗೆ ನಿರ್ಬಂಧವಿಲ್ಲ. ಅಂದರೆ ಇಲ್ಲಿ ಬಟ್ಟೆ ಅಂಗಡಿ ಮುಚ್ಚಿರುವುದು ಸರ್ಕಾರದ ಮಾತಿನಿಂದ, ಚಿಕ್-ಫಿಲ್-ಎ ಮುಚ್ಚಿರುವುದು ತನ್ನದೇ ಮಾತಿನಿಂದ. ಹೊರಗಿನಿಂದ ಎರಡೂ ಬಾಗಿಲು ಒಂದೇ ರೀತಿ ಕಾಣುತ್ತವೆ. ಈ ಚರ್ಚೆಯಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೆಂದು ನನಗನ್ನಿಸುತ್ತದೆ.

ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾನೂನಿನಿಂದ ಸಾರುವ ಪದ್ಧತಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರಿ.ಶ. 321ರಲ್ಲಿ ಹೊರಡಿಸಿದ ಆಜ್ಞೆಯಷ್ಟು ಹಳೆಯದು. ಅಮೆರಿಕದ ಸುಪ್ರೀಂ ಕೋರ್ಟು 1961ರಲ್ಲಿ ಇಂಥ ಕಾನೂನುಗಳನ್ನು ಎತ್ತಿಹಿಡಿಯಿತು: ಅವುಗಳ ಮೂಲ ಧಾರ್ಮಿಕವಾಗಿದ್ದರೂ ಈಗಿನ ಉದ್ದೇಶ ಎಲ್ಲರಿಗೂ ಒಂದು ಸಾಮಾನ್ಯ ವಿಶ್ರಾಂತಿಯ ದಿನ ಒದಗಿಸುವುದು, ಆದ್ದರಿಂದ ತಪ್ಪಿಲ್ಲ ಎಂದಿತು. ಅದೇ ವರ್ಷ ಅದೇ ಕೋರ್ಟಿನ ಮುಂದೆ ಫಿಲಡೆಲ್ಫಿಯಾದ ಕೆಲವು ಸಂಪ್ರದಾಯಸ್ಥ ಯಹೂದಿ ವ್ಯಾಪಾರಿಗಳು ನಿಂತಿದ್ದರು. ಅವರ ಸಬ್ಬತ್, ಅಂದರೆ ಧರ್ಮ ವಿಧಿಸಿದ ವಿಶ್ರಾಂತಿಯ ದಿನ, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ. ಧರ್ಮಕ್ಕಾಗಿ ಶನಿವಾರ ಮುಚ್ಚಬೇಕು, ಪೆನ್ಸಿಲ್ವೇನಿಯಾದ ಕಾನೂನಿಗಾಗಿ ಭಾನುವಾರವೂ ಮುಚ್ಚಬೇಕು. ವಾರಕ್ಕೆ ಐದೇ ದಿನದ ವ್ಯಾಪಾರದಲ್ಲಿ ಬದುಕುವುದು ಹೇಗೆಂದು ಅವರು ಕೇಳಿದರು. ಬ್ರಾನ್‌ಫೆಲ್ಡ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಅವರು ಸೋತರು. ನಿಮ್ಮ ನಂಬಿಕೆ ನಿಮಗೆ ದುಬಾರಿಯಾಗಿರಬಹುದು, ಆದರೆ ಕಾನೂನು ಅದನ್ನು ನಿಷೇಧಿಸಿಲ್ಲ ಎಂಬುದು ಬಹುಮತದ ನಿಲುವಾಗಿತ್ತು. ನನಗೆ ಅದು ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ. ಕ್ಯಾಥಿ ತಮ್ಮ ದಿನವನ್ನು ತಾವೇ ಆರಿಸಿಕೊಂಡರು. ಆ ವ್ಯಾಪಾರಿಗಳು ತಮ್ಮ ದಿನದ ಜೊತೆಗೆ ನೆರೆಯವರ ದಿನದ ಬೆಲೆಯನ್ನೂ ತೆತ್ತರು.

ಇದರ ಇನ್ನೊಂದು ಮಗ್ಗುಲು ಈಚೆಗೆ ನಮ್ಮ ನೆರೆಯ ನ್ಯೂಯಾರ್ಕಿನಲ್ಲಿ ಕಾಣಿಸಿತು. ಅಲ್ಲಿನ ಥ್ರೂವೇ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿರುವ ಹೋಟೆಲುಗಳು ವಾರದ ಏಳೂ ದಿನ ತೆರೆದಿರಬೇಕೆಂಬ ಮಸೂದೆಯೊಂದನ್ನು 2023ರ ಡಿಸೆಂಬರಿನಲ್ಲಿ ಮಂಡಿಸಲಾಯಿತು, ಮತ್ತು ಎಲ್ಲರೂ ಅದನ್ನು ಚಿಕ್-ಫಿಲ್-ಎ ಮೇಲೆ ಗುರಿಯಿಟ್ಟದ್ದೆಂದೇ ಓದಿದರು. ಅದು ಮುಂದಿನ ಗುತ್ತಿಗೆಗಳಿಗೆ ಮಾತ್ರ ಅನ್ವಯಿಸುವಂತೆ ಬರೆದ ಮಸೂದೆಯಾಗಿತ್ತು. ಕೆಲವರು ಇದನ್ನು ಧರ್ಮದ ಮೇಲಿನ ದಾಳಿ ಎಂದರು. ನಾನು ಹಾಗೆನ್ನಲಾರೆ. ಸುಂಕದ ಹೆದ್ದಾರಿಯಲ್ಲಿ ಪ್ರಯಾಣಿಕನಿಗೆ ಆಯ್ಕೆ ಕಡಿಮೆ, ಜಾಗ ಸಾರ್ವಜನಿಕರದು, ವಾರಾಂತ್ಯದಲ್ಲಿ ಮನೆಗೆ ಮರಳುವವರ ದಟ್ಟಣೆಯೂ ಭಾನುವಾರವೇ ಹೆಚ್ಚು. ತನ್ನ ಸ್ವಂತ ಜಾಗದಲ್ಲಿ ಬಾಗಿಲು ಹಾಕುವ ಹಕ್ಕು ಪೂರ್ಣವಾದದ್ದು. ಸಾರ್ವಜನಿಕರ ಜಾಗವನ್ನು ಗುತ್ತಿಗೆ ಪಡೆದು ಅಲ್ಲಿ ಬಾಗಿಲು ಹಾಕಿದರೆ ಹಸಿದ ಪ್ರಯಾಣಿಕನೂ ಆ ಖರ್ಚಿನಲ್ಲಿ ಪಾಲುದಾರನಾಗುತ್ತಾನೆ.

ಟೊರಾಂಟೊ ಓದುಗ

ಮೊದಲು ಬರೆದವರ ಮಾತಿನಲ್ಲಿ ಪ್ರಾಮಾಣಿಕತೆಯಿದೆ, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರು ಕೆಂಪು ಬಾಗಿಲಿನ ಮುಂದೆ ನಿಂತುಬಿಟ್ಟಿದ್ದಾರೆ. ಆ ಬಾಗಿಲಿನ ಹಿಂದಿನ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳಿಲ್ಲ.

2012ರಲ್ಲಿ ಸಂಸ್ಥೆಯ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ, ಸ್ಥಾಪಕರ ಮಗ ಡ್ಯಾನ್ ಕ್ಯಾಥಿ ಸಲಿಂಗ ವಿವಾಹದ ವಿರುದ್ಧ ಬಹಿರಂಗವಾಗಿ ಮಾತನಾಡಿದರು. ಅಂಥ ವಿವಾಹವನ್ನು ವಿರೋಧಿಸುತ್ತಿದ್ದ ಸಂಘಟನೆಗಳಿಗೆ ಕುಟುಂಬದ ವಿನ್‌ಶೇಪ್ ಪ್ರತಿಷ್ಠಾನದ ಮೂಲಕ ಹಣ ಹೋಗುತ್ತಿದ್ದುದೂ ಆಗ ದೊಡ್ಡ ಸುದ್ದಿಯಾಯಿತು. ಆ ವರ್ಷದ ಆಗಸ್ಟ್ 1ರಂದು ಬೆಂಬಲಿಗರು ಕರೆ ಕೊಟ್ಟು ದೇಶದಾದ್ಯಂತ ಮಳಿಗೆಗಳ ಮುಂದೆ ಸಾಲುಗಟ್ಟಿ ನಿಂತರು. ಒಂದು ಕೋಳಿ ಸ್ಯಾಂಡ್‌ವಿಚ್ ಕೊಳ್ಳುವುದೇ ಒಂದು ಪಕ್ಷಕ್ಕೆ ಮತ ಹಾಕಿದಂತಾಯಿತು. 2019ರ ನವೆಂಬರಿನಲ್ಲಿ ಸಂಸ್ಥೆ ತನ್ನ ದಾನವನ್ನು ಶಿಕ್ಷಣ, ವಸತಿಹೀನತೆ, ಹಸಿವು ಎಂಬ ಮೂರು ವಿಷಯಗಳಿಗೆ ಸೀಮಿತಗೊಳಿಸುವುದಾಗಿ ಹೇಳಿತು. ಅದಕ್ಕೂ ಎರಡು ತಿಂಗಳು ಮುಂಚೆ ನಮ್ಮ ಟೊರಾಂಟೊದ ಯಂಗ್ ಬೀದಿಯಲ್ಲಿ ಮಳಿಗೆ ತೆರೆದಾಗ ಬಾಗಿಲ ಮುಂದೆ ಪ್ರತಿಭಟನೆ ನಡೆದಿತ್ತು. ನಾನು ಆ ರಸ್ತೆಯಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಕಡೆ ತಿನ್ನಲು ಬಂದವರ ಉದ್ದನೆಯ ಸಾಲು, ಇನ್ನೊಂದು ಕಡೆ ಫಲಕ ಹಿಡಿದವರು. ಆ ಸಾಲಿನಲ್ಲಿ ನನ್ನ ಸಹೋದ್ಯೋಗಿಯೂ ಇದ್ದರು, ಫಲಕ ಹಿಡಿದವರಲ್ಲಿಯೂ ಇನ್ನೊಬ್ಬ ಸಹೋದ್ಯೋಗಿಯಿದ್ದರು. ಫಲಕ ಹಿಡಿದಿದ್ದವರು ತಮ್ಮ ಸಂಗಾತಿಯನ್ನು ಮದುವೆಯಾಗಿ ಅನೇಕ ವರ್ಷಗಳಾಗಿದ್ದವು. "ನನ್ನ ಮನೆಯನ್ನು ಮನೆಯಲ್ಲವೆನ್ನುವವರಿಗೆ ನನ್ನ ಊಟದ ದುಡ್ಡು ಹೋಗಬೇಕೇ?" ಎಂದು ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಮಾತು. ಹ್ಯೂಸ್ಟನ್ನಿನ ಮಳಿಗೆಯೊಂದರ ಮುಸ್ಲಿಂ ವ್ಯವಸ್ಥಾಪಕರೊಬ್ಬರು, ತರಬೇತಿಯ ಸಮಯದಲ್ಲಿ ಕ್ರೈಸ್ತ ಪ್ರಾರ್ಥನೆಯಲ್ಲಿ ಪಾಲ್ಗೊಳ್ಳದ ಕಾರಣಕ್ಕೆ ಮರುದಿನವೇ ತಮ್ಮನ್ನು ಕೆಲಸದಿಂದ ತೆಗೆದರೆಂದು ಆರೋಪಿಸಿ 2002ರಲ್ಲಿ ದಾವೆ ಹೂಡಿದ್ದರು. ಅದು ರಾಜಿಯಲ್ಲಿ ಮುಗಿಯಿತು, ಆದ್ದರಿಂದ ಯಾರು ಸರಿಯೆಂದು ನಾವು ತೀರ್ಪು ಕೊಡುವಂತಿಲ್ಲ. ಆದರೆ ಮಾಲೀಕನ ಧರ್ಮ ಸಂಸ್ಥೆಯ ಉದ್ದೇಶವಾದಾಗ, ಬೇರೆ ಧರ್ಮದ ಕೆಲಸಗಾರನ ಎದೆಯಲ್ಲಿ ಏಳುವ ಅಳುಕು ಎಂಥದ್ದೆಂದು ಪರದೇಶದಲ್ಲಿ ಅಲ್ಪಸಂಖ್ಯಾತರಾಗಿರುವ ನಮಗೆ ಅರ್ಥವಾಗಬೇಕು. ದೇವರನ್ನು ಮಹಿಮೆಪಡಿಸುವುದೇ ಸಂಸ್ಥೆಯ ಉದ್ದೇಶವೆಂದು 1982ರಲ್ಲೇ ಅವರು ಬರೆದಿಟ್ಟುಕೊಂಡಿದ್ದಾರೆ. ಯಾರ ದೇವರನ್ನು ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕೇಳಲಾರ.

ವಿಜಯಪುರದ ರೈತನ ಮಗಳು

ಅಮೆರಿಕ ನಾನು ಕಂಡಿಲ್ಲ. ಆದರೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಮನೆಯಲ್ಲಿ ಹುಟ್ಟಿ ಬೆಳೆದವಳು. ಸೋಮವಾರ ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪಿಹೋಗುತ್ತದೆ, ಮಂಗಳವಾರ ಮಳೆ ಬಂದರೆ ಕೂರಿಗೆ ಹೊಲಕ್ಕಿಳಿಯುವುದಿಲ್ಲ ಎಂದು ಗೊತ್ತಿದ್ದರೂ ನಮ್ಮ ಅಜ್ಜ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬೆಳಗ್ಗೆ ಅವುಗಳ ಮೈ ತೊಳೆದು, ನೊಗ ಒತ್ತಿ ಒರಟಾದ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದರು. ಚಿಕ್ಕವಳಿದ್ದಾಗ ನಾನು ಆ ಜಾಗವನ್ನು ಮುಟ್ಟಿ ನೋಡಿದ್ದೇನೆ, ಹಿಮ್ಮಡಿಯ ಚರ್ಮದಂತೆ ಗಟ್ಟಿಯಾಗಿರುತ್ತಿತ್ತು.

ನಮ್ಮೂರಿನ ಮಿಷನ್ ಶಾಲೆಯ ಶಿಕ್ಷಕಿಯೊಬ್ಬರು ಬೈಬಲ್ಲಿನ ಹತ್ತು ಆಜ್ಞೆಗಳನ್ನು ಹೇಳಿಕೊಡುವಾಗ ಸಬ್ಬತ್ತಿನ ಆಜ್ಞೆಯಲ್ಲಿ ನಿನ್ನ ಆಳೂ ನಿನ್ನ ಎತ್ತೂ ನಿನ್ನ ಕತ್ತೆಯೂ ವಿಶ್ರಮಿಸಬೇಕೆಂದು ಬರುತ್ತದೆ ಎಂದಾಗ ನನಗೆ ಅಜ್ಜನೇ ನೆನಪಾದರು. ಆ ಆಜ್ಞೆ ಯಜಮಾನನ ಭಕ್ತಿಯ ಮಾತನ್ನಷ್ಟೇ ಆಡುವುದಿಲ್ಲ; ಬಾಯಿಲ್ಲದ ಪ್ರಾಣಿಯ ಮತ್ತು ಎದುರಾಡಲಾರದ ಆಳಿನ ದಣಿವಿನ ಮಾತನ್ನೂ ಆಡುತ್ತದೆ. ಆದ್ದರಿಂದ ಟೊರಾಂಟೊದವರ ಪ್ರಶ್ನೆಯನ್ನು ಒಪ್ಪಿಕೊಂಡೇ ಹೇಳುತ್ತೇನೆ: ದಾನದ ದುಡ್ಡಿನ ತಪ್ಪಿಗೆ ರಜೆಯ ದಿನವನ್ನು ಹೊಣೆ ಮಾಡಬಾರದು.

ನಮ್ಮ ದೇಶದ ಭಾನುವಾರದ ರಜೆ ಯಾರಿಂದ ಬಂದದ್ದೆಂಬುದನ್ನೂ ಇಲ್ಲಿ ನೆನೆಯಬೇಕು. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕಾರ್ಮಿಕರನ್ನು 1884ರಲ್ಲಿ ಸಂಘಟಿಸಿ, ವರ್ಷಗಟ್ಟಲೆ ಅರ್ಜಿ ಸಲ್ಲಿಸಿ, ಸಭೆ ನಡೆಸಿ, ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲೀಕರಿಂದ ಭಾನುವಾರದ ರಜೆಯನ್ನು ಪಡೆದರು. ಭಾನುವಾರವೇ ಏಕೆಂಬುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಅದು ಖಂಡೋಬನ ವಾರ ಎಂಬುದೂ ಒಂದು. ಮರಾಠಿಗರ ಖಂಡೋಬನೇ ನಮ್ಮ ಮೈಲಾರಲಿಂಗ. ನಮ್ಮ ಭಾಗದಲ್ಲಿಯೂ ಮೈಲಾರನ ಒಕ್ಕಲಿಗೆ ಭಾನುವಾರವೇ ವಾರ. ಇಂಗ್ಲಿಷರ ಚರ್ಚಿನ ದಿನವನ್ನು ಕೂಲಿಕಾರರು ತಮ್ಮ ದೇವರ ದಿನವೆಂದು ಕರೆದು ತಮ್ಮದಾಗಿಸಿಕೊಂಡರು. ದಿನ ಯಾವ ದೇವರದೆಂದು ವಾದಿಸುವವರಿಗೆ ನಾನು ಈ ಕಥೆಯನ್ನೇ ಹೇಳುತ್ತೇನೆ.

ಕ್ಯಾಂಪಸ್ ವಿದ್ಯಾರ್ಥಿ

ಎತ್ತಿನ ಹೆಗಲಿನ ಮಾತು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. ಅಮೆರಿಕದಲ್ಲಿ ನನ್ನಂಥ ವಿದೇಶಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕ್ಯಾಂಪಸ್ಸಿನೊಳಗೆ ಮಾತ್ರ, ಅದೂ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಮಾಡಬಹುದು. ನಾನು ಎರಡು ವರ್ಷ ಊಟದ ಸಭಾಂಗಣವೊಂದರಲ್ಲಿ ದುಡಿದೆ. ಅಲ್ಲಿನ ಕೌಂಟರುಗಳ ಮೇಲೆ ಬೇರೆ ಬೇರೆ ಹೆಸರಿನ ಫಲಕಗಳಿದ್ದರೂ ಎಲ್ಲವನ್ನೂ ನಡೆಸುತ್ತಿದ್ದದ್ದು ಒಬ್ಬನೇ ಗುತ್ತಿಗೆದಾರ. ಭಾನುವಾರ ಚಿಕ್-ಫಿಲ್-ಎ ಕೌಂಟರಿನ ದೀಪ ಆರಿಸುತ್ತಿದ್ದರು. ಆ ಕೌಂಟರಿನಲ್ಲಿ ವಾರವಿಡೀ ನಿಂತವರನ್ನು ಅಂದು ಪಕ್ಕದ ಪಿಜ್ಜಾ ಕೌಂಟರಿಗೆ ಕಳುಹಿಸುತ್ತಿದ್ದರು. ಟೊಪ್ಪಿಗೆ ಬದಲಾಗುತ್ತಿತ್ತು, ನಿಲ್ಲುವುದು ತಪ್ಪುತ್ತಿರಲಿಲ್ಲ. ಫಲಕಕ್ಕೆ ರಜೆ ಸಿಕ್ಕಿತ್ತು, ನಮಗಲ್ಲ.

ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದ ಕಥೆಯೂ ಹೀಗೆಯೇ ಇದೆ. ಅಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ಹೆಚ್ಚಾಗಿ ಭಾನುವಾರವೇ ನಡೆಯುತ್ತವೆ. ಆ ದಿನಗಳಲ್ಲಿ ಚಿಕ್-ಫಿಲ್-ಎ ಮಳಿಗೆಯ ಡಿಜಿಟಲ್ ಫಲಕ ಬೇರೆ ಹೆಸರಿಗೆ ಬದಲಾಗುತ್ತದೆ, ಅದೇ ಜಾಗದಲ್ಲಿ ಬೇರೆ ತಿಂಡಿಯ ಮಾರಾಟ ನಡೆಯುತ್ತದೆ. ಸಂಸ್ಥೆ ತನ್ನ ಮಾತನ್ನು ಉಳಿಸಿಕೊಂಡಿದೆ, ನಿಜ. ಆದರೆ ಆ ಮಾತು ಯಾರನ್ನು ಉದ್ದೇಶಿಸಿ ಹುಟ್ಟಿತ್ತೋ ಅವರಿಗೆ ಅದು ತಲುಪಿದೆಯೇ?

ಅಟ್ಲಾಂಟಾ ನಿವಾಸಿ

ಇಷ್ಟು ಮನಸ್ಸಿಟ್ಟು ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನ ಮೊದಲ ಮಾತನ್ನು ತಿದ್ದಿಕೊಳ್ಳಬೇಕಾಗಿದೆ.

ನಂಬಿದವನೇ ಖರ್ಚು ತೆರುತ್ತಾನೆಂದು ಬರೆದಿದ್ದೆ. ಮಳಿಗೆ ನಡೆಸುವವರ ಮಟ್ಟಿಗೆ ಅದು ಇನ್ನೂ ನಿಜವೆಂದು ನಂಬಿದ್ದೇನೆ. ಇಲ್ಲಿ ಮಳಿಗೆಯನ್ನು ವಹಿಸಿಕೊಳ್ಳುವವರು ಕಟ್ಟುವ ಆರಂಭದ ಶುಲ್ಕ 10,000 ಡಾಲರ್ ಮಾತ್ರ, ಕಟ್ಟಡ ಮತ್ತು ಸಲಕರಣೆಗಳನ್ನು ಸಂಸ್ಥೆಯೇ ಒದಗಿಸುತ್ತದೆ; ಪ್ರತಿಯಾಗಿ ಅವರು ತಾವೇ ನಿಂತು ನಡೆಸಬೇಕು, ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಮಳಿಗೆ. ಹಾಗೆ ಆರು ದಿನ ನಿಂತವರಿಗೆ ಏಳನೆಯ ದಿನ ಖಚಿತವಾಗಿ ಸಿಗುವುದು ಸಣ್ಣ ಮಾತಲ್ಲ. ಷೇರು ಮಾರುಕಟ್ಟೆಗೆ ಇಳಿಯದೆ ಕುಟುಂಬದ ಕೈಯಲ್ಲೇ ಉಳಿದಿರುವುದರಿಂದ ಈ ನಿಯಮ ಬದುಕಿದೆ. ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಕೇಳುವ ಹೂಡಿಕೆದಾರರು 52 ಭಾನುವಾರಗಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್ ಬರ್ಗರ್ ಕೂಡ ಕುಟುಂಬದ ಸಂಸ್ಥೆಯೇ. ಅದು ತನ್ನ ಲೋಟಗಳ ತಳದಲ್ಲಿ ಬೈಬಲ್ ವಚನದ ಅಧ್ಯಾಯ ಮತ್ತು ಸಂಖ್ಯೆಯನ್ನು ಅಚ್ಚು ಹಾಕಿಸುತ್ತದೆ, ಭಾನುವಾರ ಎಂದಿನಂತೆ ತೆರೆದಿರುತ್ತದೆ. ಆ ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಭಕ್ತಿಯೆಂದು ಕೇಳಿದರೆ ನನ್ನ ಉತ್ತರ ಬದಲಾಗಿಲ್ಲ.

ಆದರೆ ಟೊರಾಂಟೊದವರ ಸಹೋದ್ಯೋಗಿಯ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿಲ್ಲ. ಅಲ್ಲಿ ಮಾಲೀಕರ ನಂಬಿಕೆಯ ಖರ್ಚನ್ನು ಬೇರೊಬ್ಬರು ತೆತ್ತಿದ್ದಾರೆ. ಒಂದೇ ಮನೆತನ, ಒಂದೇ ಧರ್ಮ, ಒಂದೇ ಗಲ್ಲಾ. ಭಾನುವಾರದ ಬಾಗಿಲಿಗೆ ತಲೆಬಾಗುವ ನಾನು ಆ ದಾನಕ್ಕೆ ತಲೆಬಾಗಲಾರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಒಟ್ಟು ಬೆಲೆ ಕಟ್ಟಬೇಕೆಂದು ನನಗನ್ನಿಸುವುದಿಲ್ಲ.

ನಿಯಮ ಮುರಿದ ಎರಡು ದಿನಗಳನ್ನೂ ಹೇಳಬೇಕು. 2016ರ ಜೂನ್ 12ರಂದು ಒರ್ಲ್ಯಾಂಡೊದ ಪಲ್ಸ್ ನೈಟ್‌ಕ್ಲಬ್ಬಿನಲ್ಲಿ ಗುಂಡಿನ ದಾಳಿಗೆ 49 ಜನ ಬಲಿಯಾದರು. ಅದು ಸಲಿಂಗಿಗಳು ಸೇರುತ್ತಿದ್ದ ಜಾಗ. ಅಂದು ಭಾನುವಾರ, ರಕ್ತ ಕೊಡಲು ಸಾಲುಗಟ್ಟಿದವರಿಗೆ ಅಲ್ಲಿನ ಚಿಕ್-ಫಿಲ್-ಎ ಸಿಬ್ಬಂದಿ ಒಲೆ ಹೊತ್ತಿಸಿ ಊಟ ಮಾಡಿಕೊಟ್ಟರು. 2017ರ ಡಿಸೆಂಬರ್ 17ರ ಭಾನುವಾರ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ವಿದ್ಯುತ್ ಹೋಗಿ ಸಾವಿರಾರು ಜನ ಕತ್ತಲಲ್ಲಿ ಸಿಕ್ಕಿಕೊಂಡಾಗಲೂ ಊಟ ಬಂತು, ಹಣ ಪಡೆಯದೆ.

ವಿದ್ಯಾರ್ಥಿಯ ಪ್ರಶ್ನೆಯನ್ನು ಮನೆಯಲ್ಲಿ ಓದಿ ಹೇಳಿದೆ. ಮುಂದಿನ ಸಲ ದೇವಸ್ಥಾನಕ್ಕೆ ಶನಿವಾರ ಹೋಗೋಣವೆಂದು ಮಗಳು ತೀರ್ಮಾನಿಸಿದ್ದಾಳೆ. ಕಾರಿನಲ್ಲಿ ಕುಳಿತು ತರಿಸಿಕೊಳ್ಳುವುದು ಬೇಡವಂತೆ, ಆ ಕೆಂಪು ಬಾಗಿಲಿನಿಂದ ಒಳಗೆ ಹೋಗಿ, ಆಲೂಗಡ್ಡೆ ಕೊಡುವ ಅಕ್ಕನನ್ನು "ನಾಳೆ ನಿನಗೆ ರಜೆಯೇ, ಏನು ಮಾಡುತ್ತೀಯ?" ಎಂದು ತಾನೇ ಕೇಳುತ್ತಾಳಂತೆ.